ನಮ್ಮೂರಲ್ಲಿ ಕೂತು ಬ್ಲಾಗ್ ಕಟ್ಟುವುದು: ಏನು ತೋರಿಸಬೇಕು, ಏನು ಮುಚ್ಚಿಡಬೇಕು

ಗಂಗಾವತಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಅನ್ನೋದು ಬೋರ್ಡಿಗೆ ಮಾತ್ರ. ದಿನವಿಡೀ ನಡೆಯೋದು ಪಹಣಿ ತೆಗೆಯೋದು, ಸ್ಕಾಲರ್‌ಶಿಪ್ ಅರ್ಜಿ ತುಂಬೋದು, ಒಬ್ಬರ ಮೊಬೈಲಿಗೆ ಬಂದ ಓಟಿಪಿಯನ್ನು ಇನ್ನೊಬ್ಬರು ಅಂಗಡಿ ತುಂಬಾ ಕೇಳುವ ಹಾಗೆ ಓದಿ ಹೇಳೋದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆಯುವ ಚಟ ಹತ್ತಿತು. ಒಂದು ಬ್ಲಾಗ್ ಮಾಡಿಕೊಂಡೆ.

ನಾಲ್ಕನೇ ಬರಹಕ್ಕೇ ಎಡವಿದೆ. ಓಣಿಯ ಅತ್ತೆಯೊಬ್ಬರು ಆಪರೇಷನ್ ಮಾಡಿಸಿಕೊಂಡು ಬಂದಿದ್ದರು. ಅವರ ಧೈರ್ಯ ನೋಡಿ ಖುಷಿಯಾಗಿ ಬರೆದೆ. ಹೆಸರು ಬದಲಾಯಿಸಿದ್ದೆ, ಬೆನ್ನು ತಟ್ಟಿಕೊಂಡಿದ್ದೆ. ಆದರೆ ಬೇವಿನ ಮರದ ಎದುರು ಮನೆ, ಮೂವರು ಹೆಣ್ಣುಮಕ್ಕಳು, ಕೌದಿ ಹೊಲಿಯುತ್ತಾರೆ ಅಂತೆಲ್ಲಾ ಬಣ್ಣಿಸಿದ್ದೆ. ಎರಡೇ ದಿನಕ್ಕೆ ಅತ್ತೆ ಅಂಗಡಿಗೆ ಬಂದರು.

"ಅಲ್ಲೋ ತಮ್ಮಾ, ನನ್ನ ಆಪರೇಷನ್ ಸುದ್ದಿ ಬರದೀಯಂತಲ್ಲ. ಹೆಸರು ಬದಲು ಮಾಡಿದ್ರ ನಾನೇನು ಬದಲಾಗ್ತೀನೇನು?"

"ತಪ್ಪಾತು ಅತ್ತಿ, ಸಿಟ್ಟಾಗಬ್ಯಾಡ್ರಿ."

"ಸಿಟ್ಟಿಲ್ಲಪಾ. ಸಣ್ಣಾಕಿ ಮದುವಿ ಮಾತು ನಡದೈತಿ. ಬೀಗರು ಓದಿದ್ರ ಏನಂತಾರ?"

ಬರಹ ಅಳಿಸಿದೆ. ಬ್ಲಾಗನ್ನೇ ಅಳಿಸಿದೆ. ಆರು ತಿಂಗಳು ಬಿಟ್ಟು ಮತ್ತೆ ಕಟ್ಟಿದೆ, ಈ ಸಲ ನಿಧಾನಕ್ಕೆ. ಆ ಎರಡನೇ ಸಲದ ದಾರಿಯೇ ಇಲ್ಲಿ ಬರೆದಿರೋದು. ಅತ್ತೆಯನ್ನು ಕೇಳಿಯೇ ಈ ಕಥೆ ಹೇಳಿದ್ದೇನೆ. ಬೇವಿನ ಮರ, ಕೌದಿ ಇವೆಲ್ಲ ಇಲ್ಲಿಗಾಗಿ ಬದಲಾಯಿಸಿದ ಗುರುತುಗಳು.

ಆನ್‌ಲೈನ್ ಪ್ರೈವಸಿ ಅಂದ ಕೂಡಲೇ ಎಲ್ಲರೂ ಯಾವುದೋ ದೇಶದ ಹ್ಯಾಕರ್ ಬಗ್ಗೆ ಮಾತಾಡುತ್ತಾರೆ. ಅವನಿಗೂ ಬಾಗಿಲು ಹಾಕೋಣ. ಆದರೆ ನಮ್ಮಂಥ ಊರಲ್ಲಿ ಬರೆಯುವವರಿಗೆ ಜಾಸ್ತಿ ತೊಂದರೆ ಬರೋದು ಗುರುತಿನವರಿಂದ. ಬೀಗರು, ಓಣಿಯವರು, ಆಫೀಸಿನವರು, ಹಳೇ ಕ್ಲಾಸ್‌ಮೇಟು. ಇವರಿಗೆ ನಿಮ್ಮ ಪಾಸ್‌ವರ್ಡ್ ಬೇಕಿಲ್ಲ. ಎರಡು ಸಾಲು ಓದಿದರೆ ಸಾಕು, ಯಾರ ಮನೆ ಮಾತು ಅಂತ ಗೊತ್ತಾಗಿಬಿಡುತ್ತದೆ.

1. ಮೊದಲು ಒಂದು ಹಾಳೆ, ಒಂದು ಪೆನ್ನು

ಕಂಪ್ಯೂಟರ್ ಆಮೇಲೆ. ನಮ್ಮ ಕಡೆಯ ಹಳೇ ಮನೆ ನೆನಪು ಮಾಡಿಕೊಳ್ಳಿ. ಹೊರಗೊಂದು ಕಟ್ಟೆ. ದಾರಿಯಲ್ಲಿ ಹೋಗುವವರೂ ಅಲ್ಲಿ ಕೂತು ನೀರು ಕೇಳುತ್ತಾರೆ. ಒಳಗೆ ಪಡಸಾಲೆ. ಅಲ್ಲಿಗೆ ಬರುವವರು ಪರಿಚಯದವರು. ಅದರಾಚೆ ಅಡುಗೆಮನೆ. ಅಲ್ಲಿಗೆ ಮನೆಯವರನ್ನು ಬಿಟ್ಟು ಯಾರೂ ಹೋಗುವುದಿಲ್ಲ.

ಹಾಳೆಯಲ್ಲಿ ಈ ಮೂರು ಹೆಸರು ಬರೆದು ಮೂರು ಸಾಲು ಎಳೆಯಿರಿ. ನಿಮ್ಮ ಬದುಕಿನ ಒಂದೊಂದು ವಿಷಯವನ್ನೂ ಒಂದೊಂದು ಕಡೆ ಹಾಕಿ. ನನ್ನ ಹಾಳೆ ಹೀಗಿತ್ತು. ಕಟ್ಟೆಯಲ್ಲಿ ಭತ್ತದ ಗದ್ದೆ, ಆನೆಗೊಂದಿಯ ಕೋಟೆ, ಕಿನ್ನಾಳದ ಗೊಂಬೆ, ಇಟಗಿಯ ಮಹಾದೇವ ಗುಡಿ, ಅಂಗಡಿಯಲ್ಲಿ ಕೇಳಿದ ತಮಾಷೆ. ಪಡಸಾಲೆಯಲ್ಲಿ ನನ್ನ ಮುಖ, ಅಂಗಡಿಯ ಹೆಸರು, ಗೆಳೆಯರು. ಅಡುಗೆಮನೆಯಲ್ಲಿ ಮಕ್ಕಳ ಫೋಟೊ, ಅವರ ಶಾಲೆ, ನಮ್ಮ ಓಣಿ, ಫೋನ್ ನಂಬರ್, ಹುಟ್ಟಿದ ದಿನ, ಕಾಯಿಲೆ, ಸಾಲ, ಅಣ್ಣತಮ್ಮಂದಿರ ಜಗಳ.

ಬ್ಲಾಗಿಗೆ ಹೋಗುವುದು ಕಟ್ಟೆಯಲ್ಲಿರುವುದು ಮಾತ್ರ. ಪಡಸಾಲೆಯದನ್ನು ಯೋಚನೆ ಮಾಡಿ ಒಂದೊಂದಾಗಿ ಹೊರಗೆ ತರಬಹುದು.

ಒಂದು ಎಚ್ಚರ ಬೇಕು. ಕಟ್ಟೆಯ ಮೇಲಿನ ಸಣ್ಣ ಸಣ್ಣ ವಿಷಯ ಕೂಡಿದರೆ ಅಡುಗೆಮನೆ ಕಾಣುತ್ತದೆ. ಅಮೆರಿಕದ ಲತಾನ್ಯಾ ಸ್ವೀನಿ ಅನ್ನುವ ಸಂಶೋಧಕಿ 2000ದಲ್ಲಿ ಒಂದು ಲೆಕ್ಕ ಕೊಟ್ಟರು. ಅಲ್ಲಿನ 1990ರ ಜನಗಣತಿ ಇಟ್ಟುಕೊಂಡು ನೋಡಿದರೆ, ಜಿಪ್ ಕೋಡ್ (ನಮ್ಮ ಪಿನ್‌ಕೋಡ್ ಇದ್ದ ಹಾಗೆ), ಹುಟ್ಟಿದ ದಿನ, ಗಂಡೋ ಹೆಣ್ಣೋ ಅನ್ನುವುದು, ಈ ಮೂರೇ ವಿಷಯದಿಂದ ಸುಮಾರು ಶೇ. 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಗುರುತು ಹಿಡಿಯಬಹುದು. ಹೆಸರೇ ಬೇಕಿಲ್ಲ.

ಹಾಗಾದರೆ ಗಂಗಾವತಿ, ಝೆರಾಕ್ಸ್ ಅಂಗಡಿ ಅಂತ ನಾನೇ ಹೇಳಿಬಿಟ್ಟೆನಲ್ಲ? ಹೇಳಿದೆ. ಇಲ್ಲಿ ಇಂಥ ಅಂಗಡಿ ಸಂದಿಗೊಂದಿವೆ. ಗುಂಪು ದೊಡ್ಡದಿದ್ದರೆ ಅದರೊಳಗೆ ಅಡಗಬಹುದು. ನಾನು ಊರಿನ ಒಬ್ಬನೇ ಒಬ್ಬ ಕಣ್ಣಿನ ಡಾಕ್ಟರ್ ಆಗಿದ್ದರೆ ಆ ಸಾಲು ಬರೆಯುತ್ತಿರಲಿಲ್ಲ.

2. ಹೆಸರು: ಅಂಕಿತವೋ, ಮುಸುಕೋ

ಬೇರೆ ಹೆಸರಲ್ಲಿ ಬರೆಯುವುದು ನಮ್ಮ ಸೀಮೆಗೆ ಹೊಸದಲ್ಲ. ರಾಯಚೂರು ದಾಸರ ನಾಡು. ಚೀಕಲಪರ್ವಿಯ ವಿಜಯದಾಸರದು ವಿಜಯವಿಠಲ, ಮಾನ್ವಿಯ ಜಗನ್ನಾಥದಾಸರದು ಜಗನ್ನಾಥವಿಠಲ. ಆದರೆ ಅಂಕಿತದ ಹಿಂದೆ ಯಾರಿದ್ದಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಅಂಕಿತ ಇದ್ದದ್ದು ಹಾಡಿಗೆ, ಅಡಗಿಕೊಳ್ಳಲಿಕ್ಕಲ್ಲ.

ನಿಮಗೆ ಬೇಕಿರೋದು ಯಾವುದು ಅಂತ ಈಗಲೇ ತೀರ್ಮಾನಿಸಿ. ಸುಮ್ನೆ ಒಂದು ಚೆಂದದ ಹೆಸರು ಸಾಕಾ? ಹಾಗಾದರೆ ಕೆಲಸ ಸುಲಭ. ನಿಜವಾಗಿ ಯಾರಿಗೂ ಗೊತ್ತಾಗಬಾರದಾ? ಅದು ಪ್ರತಿ ದಿನದ ಕೆಲಸ. ಒಂದು ದಿನ ಮರೆತು ನಿಮ್ಮ ಸ್ವಂತ ವಾಟ್ಸಾಪ್ ಸ್ಟೇಟಸ್‌ಗೆ ಬ್ಲಾಗಿನ ಲಿಂಕ್ ಹಾಕಿದರೆ ಮುಗಿಯಿತು. ಸರ್ಕಾರಿ ನೌಕರರು, ಮನೆಯ ಹಿಂಸೆಯ ಬಗ್ಗೆ ಬರೆಯುವ ಹೆಣ್ಣುಮಕ್ಕಳು, ಕಂಪನಿಯ ಒಳಗಿನ ಮಾತು ಬರೆಯುವವರು, ಇವರಿಗೆ ಮುಸುಕು ಬೇಕು. ಪ್ರವಾಸ, ಅಡುಗೆ, ಕೃಷಿ ಬರೆಯುವ ಹೆಚ್ಚಿನವರಿಗೆ ನನ್ನ ಸಲಹೆ ನಡುವಿನ ದಾರಿ: ಅರ್ಧ ಹೆಸರು, ಜಿಲ್ಲೆಯ ಹೆಸರು, ಮುಖದ ಬದಲು ಒಂದು ಚಿತ್ರ.

ಹೆಸರು ಯಾವುದೇ ಇರಲಿ, ಬ್ಲಾಗಿಗೆ ಅಂತಲೇ ಒಂದು ಹೊಸ ಜಿಮೇಲ್ ಮಾಡಿ. ಬ್ಯಾಂಕಿಗೆ, ಆಧಾರ್‌ಗೆ ಕೊಟ್ಟ ಇಮೇಲ್ ಬೇಡ. ವಿಳಾಸದಲ್ಲಿ ಹುಟ್ಟಿದ ವರ್ಷ ಬೇಡ. ಅಂಗಡಿಯಲ್ಲಿ ದಿನಾ ನೋಡ್ತೀನಿ, ಹೆಸರು ಸಿಗದಿದ್ದರೆ ಎಲ್ಲರೂ ಹಿಂದೆ 1994, 2003 ಅಂತ ಅಂಟಿಸುತ್ತಾರೆ. ವಯಸ್ಸು ತಾನಾಗೇ ಹೊರಗೆ ಬಂತು.

ಖಾತೆ ತೆರೆಯುವಾಗ ಗೂಗಲ್ ಫೋನ್ ನಂಬರ್ ಕೇಳಬಹುದು. ಅದು ಓದುಗರಿಗೆ ಕಾಣುವುದಿಲ್ಲ. ಆದರೆ ಗೂಗಲ್‌ಗೆ ಗೊತ್ತಿರುತ್ತದೆ, ಕೋರ್ಟು ಪೊಲೀಸರು ಕಾನೂನಿನ ಪ್ರಕಾರ ಕೇಳಿದರೆ ಅವರಿಗೂ ಗೊತ್ತಾಗುತ್ತದೆ. ಮುಸುಕು ಇರೋದು ಓದುಗರ ಮುಂದೆ ಮಾತ್ರ. ಯಾರನ್ನೋ ಬೈದು ತಪ್ಪಿಸಿಕೊಳ್ಳಲು ಬ್ಲಾಗ್ ಮಾಡುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ.

ಪಾಸ್‌ವರ್ಡ್ ಉದ್ದವಿರಲಿ. ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿದರೆ ನೆನಪೂ ಉಳಿಯುತ್ತದೆ. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡ್ ಕೇಳುವುದು) ಆನ್ ಮಾಡಿ. ಸಾಧ್ಯವಾದರೆ ಎಸ್‌ಎಮ್‌ಎಸ್ ಬದಲು ಆಥೆಂಟಿಕೇಟರ್ ಆ್ಯಪ್ ಬಳಸಿ. ಫೋನ್ ಕೈಯಲ್ಲಿಲ್ಲದಾಗ ಇರಲಿ ಅಂತ ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಎಂಟು ಅಂಕಿಯದು, ಒಂದೊಂದು ಒಂದೇ ಸಲ ನಡೆಯುತ್ತದೆ. ಅದನ್ನು ಪ್ರಿಂಟ್ ತೆಗೆದು ಪಹಣಿ, ಪಟ್ಟಾ ಇಡುವ ಟ್ರಂಕಿನಲ್ಲಿ ಇಡಿ. ನಮ್ಮಂಥ ಅಂಗಡಿಯ ಕಂಪ್ಯೂಟರಿನಲ್ಲಿ ಲಾಗಿನ್ ಆದರೆ ಲಾಗೌಟ್ ಆಗದೆ ಏಳಬೇಡಿ. ಒಂದೇ ದಿನ ಮೂರು ಜನರ ಮೇಲ್ ತೆರೆದೇ ಬಿಟ್ಟುಹೋದದ್ದನ್ನು ನಾನೇ ಮುಚ್ಚಿದ್ದೇನೆ.

3. ಎಲ್ಲಿ ಕಟ್ಟುವುದು

ಬ್ಲಾಗರ್‌ನಲ್ಲೇ ಶುರು ಮಾಡಿ. 1999ರಲ್ಲಿ ಹುಟ್ಟಿದ ಹಳೇ ವೇದಿಕೆ, 2003ರಿಂದ ಗೂಗಲ್ ಕೈಯಲ್ಲಿದೆ. ಪುಕ್ಕಟೆ. ನೋಡಲು ಸ್ವಲ್ಪ ಹಳೇ ಮನೆಯ ಹಾಗಿದೆ ನಿಜ, ಆದರೆ ಸೋರುವುದಿಲ್ಲ. ವರ್ಡ್‌ಪ್ರೆಸ್ ಇನ್ನೂ ಚೆಂದ, ಆದರೆ ಸ್ವಂತ ಹೋಸ್ಟಿಂಗ್ (ಬ್ಲಾಗ್ ಇಡಲು ಬಾಡಿಗೆ ಜಾಗ) ತೆಗೆದುಕೊಂಡರೆ ಅಪ್‌ಡೇಟ್ ಮಾಡುತ್ತಾ ಇರಬೇಕು. ಮರೆತರೆ ಕಳ್ಳರಿಗೆ ದಾರಿ. ಕೋಡ್ ಬರುವ ಹುಡುಗರು ಗಿಟ್‌ಹಬ್ ಪೇಜಸ್ ಬಳಸುತ್ತಾರೆ. ಅವರಿಗೆ ಒಂದೇ ಮಾತು: ನೀವು ಕಳಿಸುವ ಒಂದೊಂದು ಬದಲಾವಣೆಯ ಜೊತೆಗೂ ನಿಮ್ಮ ಹೆಸರು, ಇಮೇಲ್ ಅಂಟಿಕೊಂಡು ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಮುಚ್ಚಿಡುವ ಆಯ್ಕೆ ಇದೆ. ಮೊದಲ ದಿನವೇ ಒತ್ತಿ.

ಬ್ಲಾಗರ್‌ನಲ್ಲಿ ಮಾಡುವ ಕ್ರಮ ಹೇಳ್ತೀನಿ. ಹೊಸ ಜಿಮೇಲ್‌ನಿಂದ ಒಳಗೆ ಹೋಗಿ ಹೊಸ ಬ್ಲಾಗ್ ಒತ್ತಿ. ಹೆಸರು ಕನ್ನಡದಲ್ಲೇ ಕೊಡಬಹುದು, ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಬೇಕು. ಆಮೇಲೆ ತೋರಿಸುವ ಹೆಸರು ಕೇಳುತ್ತದೆ. ಎರಡನೇ ಹೆಜ್ಜೆಯಲ್ಲಿ ತೀರ್ಮಾನಿಸಿದ್ದನ್ನೇ ಹಾಕಿ.

ಬರೆಯಲು ಅವಸರ ಬೇಡ. ಸೀದಾ ಸೆಟ್ಟಿಂಗ್ಸ್‌ಗೆ ಹೋಗಿ. ಯಾರು ಓದಬಹುದು ಅನ್ನುವ ಕಡೆ ಸದ್ಯಕ್ಕೆ "ಬರೆಯುವವರಿಗೆ ಮಾತ್ರ" ಅನ್ನುವ ಅರ್ಥದ ಆಯ್ಕೆ ಇಡಿ. ಗೃಹಪ್ರವೇಶಕ್ಕೆ ಮುಂಚೆ ಬಾಗಿಲು ಹಾಕಿಕೊಂಡು ಸುಣ್ಣ ಹೊಡೆದ ಹಾಗೆ. ಸರ್ಚ್ ಎಂಜಿನ್‌ಗೆ ಕಾಣಬೇಕಾ ಅನ್ನುವುದನ್ನೂ ಆಫ್ ಮಾಡಿ. ಇದನ್ನು ಬೀಗ ಅಂದುಕೊಳ್ಳಬೇಡಿ. ಮುಂದೆ ಬಾಗಿಲು ತೆರೆದ ಮೇಲೂ ಇದು ಆಫ್ ಇದ್ದರೆ ಗೂಗಲ್‌ನಲ್ಲಿ ಸಿಗದೇ ಇರಬಹುದು, ಲಿಂಕ್ ಸಿಕ್ಕವರು ಮಾತ್ರ ಆರಾಮಾಗಿ ಓದುತ್ತಾರೆ. ಎಚ್‌ಟಿಟಿಪಿಎಸ್‌ಗೆ ಕಳಿಸುವ ಆಯ್ಕೆ ಆನ್ ಇರಲಿ, ಓದುಗರಿಗೂ ಬ್ಲಾಗಿಗೂ ನಡುವೆ ಹೋಗುವುದನ್ನು ದಾರಿಯಲ್ಲಿ ಯಾರೂ ಇಣುಕದ ಹಾಗೆ. ಕಾಮೆಂಟ್ ಯಾವಾಗಲೂ ನೀವು ಒಪ್ಪಿದ ಮೇಲೆ ಬರುವ ಹಾಗೆ ಇಡಿ.

ಇನ್ನು ಪ್ರೊಫೈಲ್. ಪ್ರೊಫೈಲ್ ಹಂಚು, ನಿಜವಾದ ಹೆಸರು ತೋರಿಸು, ಇಮೇಲ್ ತೋರಿಸು, ಹೀಗೆ ಬೇರೆ ಬೇರೆ ಗುಂಡಿಗಳಿವೆ. ಒಂದೊಂದನ್ನೂ ಓದಿ ಒತ್ತಿ. ಅದೇ ಖಾತೆಯಲ್ಲಿ ಇನ್ನೊಂದು ಬ್ಲಾಗ್ ಇದ್ದರೆ ಪ್ರೊಫೈಲಿನಲ್ಲಿ ಎರಡೂ ಒಟ್ಟಿಗೆ ಕಾಣಬಹುದು. ಅಡುಗೆ ಬ್ಲಾಗ್ ಮಾಡುವ ಮೇಡಂ ಅವರೇ ರಾತ್ರಿ ಕವಿತೆ ಬರೆಯುವವರು ಅಂತ ಹೀಗೇ ಗೊತ್ತಾಗೋದು.

ಕನ್ನಡದಲ್ಲಿ ಬರೆಯುವವರಿಗೆ ಎರಡು ಮಾತು. ನುಡಿ ಅನ್ನುವ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಇಲ್ಲಿ ಅಂಟಿಸಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ ಆಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ, ಇಲ್ಲವೇ ಮೊಬೈಲಿನ ಕನ್ನಡ ಕೀಬೋರ್ಡ್‌ನಲ್ಲೇ ಬರೆಯಿರಿ. ಎರಡನೆಯದು, ತಲೆಬರಹ ಕನ್ನಡದಲ್ಲಿದ್ದರೆ ಬ್ಲಾಗರ್ ಅದರ ಲಿಂಕನ್ನು ಸುಮ್ಮನೆ ಬ್ಲಾಗ್-ಪೋಸ್ಟ್ ಅಂತ ಮಾಡಿಬಿಡುತ್ತದೆ. ಪ್ರಕಟಿಸುವ ಮೊದಲು ಪರ್ಮಾಲಿಂಕ್ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕಿನ್ನಾಳ-ಗೊಂಬೆ ಅಂತ ನೀವೇ ಬರೆಯಿರಿ. ಅಲ್ಲೇ ಪಕ್ಕದಲ್ಲಿ ಲೊಕೇಶನ್ ಅಂತ ಒಂದು ಖಾನೆ ಇದೆ. ಖಾಲಿ ಬಿಡಿ.

ನನ್ನನ್ನು ಸಂಪರ್ಕಿಸಿ ಅಂತ ಫೋನ್ ನಂಬರ್ ಹಾಕುವ ಆಸೆ ಎಲ್ಲರಿಗೂ. ಬೇಡ. ಕಾಂಟ್ಯಾಕ್ಟ್ ಫಾರ್ಮ್ ಅನ್ನುವ ಗ್ಯಾಜೆಟ್ ಇದೆ. ಬರೆದವರ ಮಾತು ನಿಮ್ಮ ಮೇಲ್‌ಗೆ ಬರುತ್ತದೆ, ನಿಮ್ಮ ಮೇಲ್ ವಿಳಾಸ ಅವರಿಗೆ ಕಾಣುವುದಿಲ್ಲ. ನೀವು ಉತ್ತರ ಬರೆದ ಕೂಡಲೇ ಮಾತ್ರ ಕಾಣುತ್ತದೆ.

4. ಸ್ವಂತ ಡೊಮೈನ್ ಬೇಕಾ?

ಡೊಮೈನ್ ಅಂದರೆ ದುಡ್ಡು ಕೊಟ್ಟು ಕೊಳ್ಳುವ ನಿಮ್ಮದೇ ವೆಬ್ ವಿಳಾಸ. ಮೊದಲ ವರ್ಷ ಬೇಡ. ಬ್ಲಾಗ್‌ಸ್ಪಾಟ್ ಅಂತ ಬ್ಲಾಗರ್ ಕೊಟ್ಟ ವಿಳಾಸದ ಹಿಂದೆ ಇದ್ದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಬೇಕೇ ಬೇಕು ಅಂದರೆ ಒಂದು ವಿಷಯ ತಿಳಿದಿರಲಿ. ಡೊಮೈನ್ ಕೊಳ್ಳುವಾಗ ಹೆಸರು, ಮನೆ ವಿಳಾಸ, ಫೋನ್, ಇಮೇಲ್ ಎಲ್ಲ ಕೊಡಬೇಕು. ಹಿಂದೆ ಅದೆಲ್ಲ ಹೂಈಸ್ ಅನ್ನುವ ದಾಖಲೆಯಲ್ಲಿ ಯಾರು ಹುಡುಕಿದರೂ ಸಿಗುತ್ತಿತ್ತು. ಯುರೋಪಿನ ಪ್ರೈವಸಿ ಕಾನೂನು 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ಹೆಚ್ಚಿನ ಕಡೆ ಮುಚ್ಚಿಟ್ಟರು. ಡಾಟ್ ಕಾಮ್‌ಗೆ ಬಹಳ ಕಂಪನಿಗಳು ಪ್ರೈವಸಿ ಸೇವೆ ಪುಕ್ಕಟೆ ಕೊಡುತ್ತವೆ. ಡಾಟ್ ಇನ್‌ಗೆ ಆ ಸೇವೆ ಸಿಗುವುದಿಲ್ಲ. ಸಂಸ್ಥೆಯ ಹೆಸರು ಕೇಳುವ ಖಾನೆ ಇರುತ್ತದೆ, ಅಲ್ಲಿ ಉತ್ಸಾಹದಿಂದ ಅಂಗಡಿ ಹೆಸರು ತುಂಬಬೇಡಿ. ಕೊಂಡ ಮೇಲೆ ನಿಮ್ಮ ಡೊಮೈನನ್ನು ನೀವೇ ಹೂಈಸ್‌ನಲ್ಲಿ ಹುಡುಕಿ ಏನೇನು ಕಾಣುತ್ತದೆ ನೋಡಿ. ವರ್ಷ ವರ್ಷ ದುಡ್ಡು ಕಟ್ಟುವುದು ಮರೆತರೆ ಡೊಮೈನ್ ಬೇರೆಯವರ ಪಾಲಾಗುತ್ತದೆ. ನಿಮ್ಮ ಹೆಸರಿನ ಬ್ಲಾಗಿನಲ್ಲಿ ಜೂಜಿನ ಜಾಹೀರಾತು ಬಂದರೆ ನೆಂಟರಿಗೆ ಏನಂತ ಹೇಳ್ತೀರಿ?

5. ಫೋಟೊ

ಗುಟ್ಟು ಹೆಚ್ಚು ಸೋರೋದು ಇಲ್ಲಿಂದ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳ್ತೀನಿ.

ಮೊಬೈಲಿನಲ್ಲಿ ತೆಗೆದ ಫೋಟೊದೊಳಗೆ ಕಣ್ಣಿಗೆ ಕಾಣದ ಒಂದು ಚೀಟಿ ಇರುತ್ತದೆ. ಎಕ್ಸಿಫ್ ಅಂತ ಅದರ ಹೆಸರು. ಯಾವ ಫೋನು, ಯಾವ ದಿನ, ಎಷ್ಟು ಗಂಟೆ ಎಲ್ಲ ಅದರಲ್ಲಿರುತ್ತದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶವೂ ಇರುತ್ತದೆ. ಮನೆಯ ಅಂಗಳದಲ್ಲಿ ಅರಳಿದ ದಾಸವಾಳದ ಫೋಟೊ ಹಾಕಿದರೆ ಅಂಗಳದ ದಾರಿಯನ್ನೂ ಕೊಟ್ಟ ಹಾಗೆ.

ಆ್ಯಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮ್ಯಾಕಫಿಯ ಕಥೆ ಕೇಳಿ. 2012ರ ಡಿಸೆಂಬರಿನಲ್ಲಿ ಆತ ಬೆಲೀಜ್ ದೇಶದ ಪೊಲೀಸರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದ. ಜೊತೆಗಿದ್ದ ಪತ್ರಕರ್ತರು ಅವನ ಫೋಟೊ ಒಂದನ್ನು ಇಂಟರ್ನೆಟ್‌ಗೆ ಹಾಕಿದರು. ಫೋಟೊದೊಳಗಿನ ಚೀಟಿ ತೆಗೆಯಲು ಮರೆತಿದ್ದರು. ಅವನಿರೋದು ಗ್ವಾಟೆಮಾಲಾದಲ್ಲಿ ಅಂತ ಜಗತ್ತಿಗೇ ಗೊತ್ತಾಯಿತು. ಕೆಲವೇ ದಿನದಲ್ಲಿ ಅಲ್ಲೇ ಸಿಕ್ಕಿಬಿದ್ದ. ಕಂಪ್ಯೂಟರ್ ಕಾಯುವುದನ್ನೇ ವ್ಯಾಪಾರ ಮಾಡಿದವನ ಗತಿ ಹೀಗಾದರೆ ನಮ್ಮದೇನು?

ಮಾಡಬೇಕಾದ್ದು ಇಷ್ಟು. ಕ್ಯಾಮೆರಾ ಆ್ಯಪ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಉಳಿಸು ಅಥವಾ ಲೊಕೇಶನ್ ಟ್ಯಾಗ್ ಅನ್ನುವುದನ್ನು ಆಫ್ ಮಾಡಿ. ಇದು ಇನ್ನು ಮುಂದೆ ತೆಗೆಯುವ ಫೋಟೊಗೆ. ಹಳೇ ಫೋಟೊ ಇದ್ದರೆ ಗೂಗಲ್ ಫೋಟೋಸ್‌ನಲ್ಲಿ ಅದನ್ನು ಮೇಲಕ್ಕೆ ಎಳೆದು ನೋಡಿ. ಕೆಳಗೆ ಮ್ಯಾಪ್ ಕಂಡರೆ ಜಾಗ ಅಂಟಿಕೊಂಡಿದೆ ಅಂತ ಅರ್ಥ. ವಿಂಡೋಸ್ ಕಂಪ್ಯೂಟರಿನಲ್ಲಿ ಫೋಟೊ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋಗಿ. ವೈಯಕ್ತಿಕ ಮಾಹಿತಿ ತೆಗೆದುಹಾಕುವ ಸಾಲು ತೀರಾ ಕೆಳಗಿದೆ. ಇದಕ್ಕಿಂತ ಸೋಮಾರಿ ದಾರಿಯೂ ಒಂದಿದೆ: ಫೋಟೊವನ್ನು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಫೋಟೊ ಅಂತ ಕಳಿಸಿದರೆ ಜಾಗದ ಮಾಹಿತಿ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉದುರುವುದಿಲ್ಲ, ಹುಷಾರು.

ಆನೆಗೊಂದಿ, ಇಟಗಿ, ಮಸ್ಕಿಯ ಅಶೋಕನ ಶಾಸನದ ಬಂಡೆ, ಇಂಥ ಫೋಟೊದಲ್ಲಿ ಜಾಗ ಇದ್ದರೆ ಏನೂ ತೊಂದರೆಯಿಲ್ಲ. ಇಟಗಿಯ ಗುಡಿ 1112ರಿಂದ ಅಲ್ಲೇ ಇದೆ, ಅದೇನು ಅಡಗಿಕೊಂಡಿಲ್ಲ.

ಚೀಟಿ ತೆಗೆದ ಮೇಲೂ ಫೋಟೊದ ಹಿಂಬದಿ ನೋಡಿ. ಬೈಕಿನ ನಂಬರ್ ಪ್ಲೇಟು, ಬಾಗಿಲ ಮೇಲಿನ ಮನೆ ನಂಬರ್, ಮಗುವಿನ ಯೂನಿಫಾರ್ಮ್ ಮೇಲಿನ ಶಾಲೆಯ ಬ್ಯಾಡ್ಜ್, ಗೋಡೆಗೆ ಅಂಟಿಸಿದ ಮದುವೆ ಕಾರ್ಡು, ಟೇಬಲ್ ಮೇಲಿನ ಔಷಧಿ ಚೀಟಿ. ನಾನು ಒಮ್ಮೆ ಚಹಾ ಲೋಟದ ಫೋಟೊ ಹಾಕಿದ್ದೆ. ಪಕ್ಕದಲ್ಲಿ ಯಾರದೋ ಆಧಾರ್ ಝೆರಾಕ್ಸ್ ಇತ್ತು. ಗಿರಾಕಿ ನೋಡುವ ಮೊದಲೇ ನನ್ನ ಕಣ್ಣಿಗೆ ಬಿತ್ತು, ಪುಣ್ಯ.

ಮುಚ್ಚುವುದಾದರೆ ಸರಿಯಾಗಿ ಮುಚ್ಚಿ. ಫೋನಿನ ಮಾರ್ಕರ್ ಪೆನ್ನಿನಲ್ಲಿ ಮೇಲೆ ಗೀಚಿದರೆ ಸಾಲದು. ಬಣ್ಣ ತೆಳುವಾಗಿದ್ದರೆ ಬ್ರೈಟ್‌ನೆಸ್ ಏರಿಸಿದ ಕೂಡಲೇ ಕೆಳಗಿನ ಅಂಕಿ ಎದ್ದು ಕಾಣುತ್ತದೆ. ಗಟ್ಟಿ ಕಪ್ಪು ಚೌಕ ಹಾಕಿ. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ ಒಂದು ದೋಷ ಬೆಳಕಿಗೆ ಬಂತು. ಸ್ಕ್ರೀನ್‌ಶಾಟ್ ಕತ್ತರಿಸಿ ಉಳಿಸಿದರೂ ಕತ್ತರಿಸಿದ ಭಾಗ ಫೈಲಿನೊಳಗೇ ಉಳಿದು, ವಾಪಸ್ ತೆಗೆಯಲು ಆಗುತ್ತಿತ್ತು. ದೋಷ ಸರಿಪಡಿಸಿದರು, ಆದರೆ ಅಷ್ಟರಲ್ಲಿ ಹಂಚಿದ ಚಿತ್ರಗಳನ್ನು ಯಾರು ವಾಪಸ್ ತರುತ್ತಾರೆ? ಅಂದಿನಿಂದ ನಾನು ಮುಖ್ಯವಾದದ್ದನ್ನು ಕತ್ತರಿಸಿದ ಮೇಲೆ ಅದರದೇ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಹಾಕ್ತೀನಿ.

6. ಇನ್ನೊಬ್ಬರ ಮಾತು

ನನ್ನ ಗುಟ್ಟು ನಾನು ಹೇಳಿಕೊಂಡರೆ ನನ್ನ ಇಷ್ಟ. ಅತ್ತೆಯ ಆಪರೇಷನ್ ಅತ್ತೆಯದು.

ಪ್ರೈವಸಿ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಚಾರವಾಗಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಅಂಗಡಿಯಲ್ಲಿ ದಿನಕ್ಕೆ ನೂರು ಆಧಾರ್ ಝೆರಾಕ್ಸ್ ತೆಗೆಯುವಾಗ ನನಗೆ ಆ ಹಿರಿಯರ ನೆನಪಾಗುತ್ತದೆ.

ಕೆಲವು ಕಡೆ ಕಾನೂನೇ ಗೆರೆ ಎಳೆದಿದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಮಕ್ಕಳ ಮೇಲಿನ ದೌರ್ಜನ್ಯದ ಕೇಸಿನಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಮಗುವಿನ ಹೆಸರು, ವಿಳಾಸ, ಫೋಟೊ, ಶಾಲೆ, ನೆರೆಹೊರೆ ಯಾವುದನ್ನೂ ಹೇಳಬಾರದು ಅನ್ನುತ್ತದೆ. ನ್ಯಾಯ ಸಿಗಲಿ ಅಂತ ಫೋಟೊ ಹಂಚುವವರಿಗೆ ಇದು ಗೊತ್ತೇ ಇರುವುದಿಲ್ಲ.

ಕಾನೂನು ಮುಟ್ಟದ ಜಾಗದಲ್ಲಿ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಯಾರ ಬಗ್ಗೆ ಬರೆದೆನೋ ಅವರಿಗೆ ಓದಿ ಹೇಳುತ್ತೇನೆ. ಕಳಿಸುವುದಲ್ಲ, ಎದುರು ಕೂತು ಓದುವುದು. ಕಿನ್ನಾಳಕ್ಕೆ ಹೋದಾಗ ಗೊಂಬೆ ಮಾಡುವ ಹಿರಿಯರೊಬ್ಬರಿಗೆ ಹೀಗೇ ಓದಿದೆ. ಪೊಳಕಿ ಕಟ್ಟಿಗೆ ಹಗುರ ಅಂತ ಬರೆದದ್ದಕ್ಕೆ ತಲೆಯಾಡಿಸಿದರು. ಮಗ ಈ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಅನ್ನುವ ಸಾಲು ಬಂದಾಗ "ಅದೊಂದು ಬಿಡ್ರಿ" ಅಂದರು. ಬಿಟ್ಟೆ. ಬರಹಕ್ಕೆ ಅದೇ ಒಳ್ಳೇ ಸಾಲಾಗಿತ್ತು, ಆದರೂ ಬಿಟ್ಟೆ.

ಕೇಳಲು ಆಗದಿದ್ದರೆ ಗುರುತು ಬದಲಾಯಿಸಬೇಕು. ಹೆಸರೊಂದನ್ನೇ ಬದಲಾಯಿಸುವುದು ಕೆಲಸಕ್ಕೆ ಬಾರದು. ಊರು, ಕಸುಬು, ಮಕ್ಕಳ ಲೆಕ್ಕ, ವರ್ಷ, ಇವುಗಳಲ್ಲಿ ಮೂರನ್ನಾದರೂ ಬದಲಾಯಿಸಿ. ಸಿಂಧನೂರಿನ ಅಣ್ಣನನ್ನು ಸಿರುಗುಪ್ಪದ ತಂಗಿ ಮಾಡಿ. ಇನ್ನು ನಿಮ್ಮ ಮಕ್ಕಳು. ಎರಡು ವರ್ಷದ ಮಗು ಒಪ್ಪಿಗೆ ಕೊಡಲಾರದು. ಹದಿನೆಂಟಾದ ಮೇಲೆ ಅದರ ಗೆಳೆಯರು ಈ ಬ್ಲಾಗ್ ಓದುತ್ತಾರೆ ಅಂತ ನೆನಪಿರಲಿ.

7. ಹೊತ್ತು

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ಮನೆಮಂದಿಯೆಲ್ಲ ತೇರಿನ ಮುಂದೆ ನಿಂತು ಫೋಟೊ ತೆಗೆದು ಅಲ್ಲಿಂದಲೇ ಹಾಕುತ್ತಾರೆ. ಮನೆಗೆ ಬೀಗ ಬಿದ್ದಿದೆ ಅಂತ ಡಂಗುರ ಸಾರಿದ ಹಾಗೆ ಅಲ್ವಾ? ಬರೆಯಿರಿ, ಆದರೆ ವಾಪಸ್ ಬಂದು ಬರೆಯಿರಿ. ಬ್ಲಾಗರ್‌ನಲ್ಲಿ ಪ್ರಕಟಣೆಯ ದಿನ ಮುಂದಕ್ಕೆ ಇಡಬಹುದು. ಪ್ರತಿ ಮಂಗಳವಾರ ಹುಲಿಗೆಮ್ಮನ ಗುಡಿಗೆ ಹೋಗ್ತೀನಿ ಅನ್ನುವಂಥ ಸಾಲು ಇನ್ನೂ ಕೆಟ್ಟದ್ದು. ಒಂದು ದಿನ ಬಿಟ್ಟುಕೊಟ್ಟರೆ ಒಂದು ದಿನ. ಅಭ್ಯಾಸ ಬಿಟ್ಟುಕೊಟ್ಟರೆ ವರ್ಷವೆಲ್ಲ.

8. ಓದುಗರೂ ಮನುಷ್ಯರೇ

ಎಷ್ಟು ಜನ ಓದಿದರು ಅಂತ ನೋಡುವ ಆಸೆ ಸಹಜ. ಬ್ಲಾಗರ್ ತಾನೇ ಕೊಡುವ ಲೆಕ್ಕ ಸಾಕು. ಬೇರೆ ಕೌಂಟರ್, ಟ್ರ್ಯಾಕರ್ ಹಾಕಬೇಡಿ. ಎರಡು ಬ್ಲಾಗಿಗೆ ಒಂದೇ ಅನಲಿಟಿಕ್ಸ್ (ಓದುಗರ ಲೆಕ್ಕ ಇಡುವ ಗೂಗಲ್ ಸೇವೆ) ನಂಬರ್ ಅಥವಾ ಒಂದೇ ಆಡ್‌ಸೆನ್ಸ್ (ಗೂಗಲ್ ಜಾಹೀರಾತು ಸೇವೆ) ನಂಬರ್ ಹಾಕಿದರೆ ಎರಡೂ ಒಬ್ಬರದೇ ಅಂತ ಪುಟದ ಕೋಡ್ ನೋಡಿದವರಿಗೆ ತಿಳಿಯುತ್ತದೆ. ಆಡ್‌ಸೆನ್ಸ್‌ಗೆ ಹೇಗೂ ನಿಜವಾದ ಹೆಸರು, ವಿಳಾಸ ಕೊಡಬೇಕು, ಆ ವಿಳಾಸಕ್ಕೆ ಅಂಚೆಯಲ್ಲಿ ಪಿನ್ ಬರುತ್ತದೆ. ಮುಸುಕು ಹಾಕಿಕೊಂಡು ಬರೆಯುವವರು ಜಾಹೀರಾತಿನ ಆಸೆ ಬಿಡುವುದು ಒಳ್ಳೆಯದು.

ಕಾಮೆಂಟಿನಲ್ಲಿ ಯಾರಾದರೂ ತಮ್ಮ ಅಥವಾ ಬೇರೆಯವರ ಫೋನ್ ನಂಬರ್ ಬರೆದರೆ ಒಪ್ಪಬೇಡಿ. ನೀವು ಫಲಾನೆಯವರ ಮಗ ಅಲ್ವಾ ಅಂತ ಪ್ರೀತಿಯಿಂದ ಕೇಳುವವರೂ ಬರುತ್ತಾರೆ. ಅವರಿಗೆ ಉತ್ತರ ಅಲ್ಲಿ ಬೇಡ, ಸಿಕ್ಕಾಗ ಹೇಳಿ.

9. ಕೆಟ್ಟರೆ ಏನು ಮಾಡೋದು

ಅಳಿಸಿದರೆ ಹೋಯಿತು ಅಂತ ನಂಬಬೇಡಿ. ಇಂಟರ್ನೆಟ್ ಆರ್ಕೈವ್ ಅನ್ನುವ ಸಂಸ್ಥೆ 1996ರಿಂದ ಜಾಲತಾಣಗಳ ಪ್ರತಿ ಇಡುತ್ತಾ ಬಂದಿದೆ. ಅದರ ವೇಬ್ಯಾಕ್ ಮಷಿನ್‌ನಲ್ಲಿ ನಿಮ್ಮ ಬ್ಲಾಗಿನ ವಿಳಾಸ ಹಾಕಿ ನೋಡಿ. ಹಳೇ ಪ್ರತಿ ಇದ್ದರೆ ತೆಗೆಯಿರಿ ಅಂತ ಅವರಿಗೆ ಮೇಲ್ ಬರೆದು ಕೇಳಬಹುದು. ಗೂಗಲ್ ಹುಡುಕಾಟದಲ್ಲಿ ಅಳಿಸಿದ ಪುಟ ಇನ್ನೂ ಕಾಣುತ್ತಿದ್ದರೆ, ಹಳೆಯದಾದ ಮಾಹಿತಿ ತೆಗೆಯಲು ಕೇಳುವ ಅರ್ಜಿ ಗೂಗಲ್‌ನಲ್ಲೇ ಇದೆ. ಯಾರೋ ತೆಗೆದ ಸ್ಕ್ರೀನ್‌ಶಾಟ್‌ಗೆ ಮಾತ್ರ ಯಾವ ಅರ್ಜಿಯೂ ಇಲ್ಲ.

ಬೆದರಿಕೆ ಬಂದರೆ ಉತ್ತರ ಕೊಡಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆದು ದಿನಾಂಕ, ಲಿಂಕ್ ಬರೆದಿಡಿ. ಸೈಬರ್ ಅಪರಾಧದ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ನಿಂದ ಬ್ಲಾಗಿನ ಬ್ಯಾಕಪ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಡಿ. ಅವತ್ತೇ ನಿಮ್ಮ ಹೆಸರು, ಫೋನ್ ನಂಬರ್ ಎರಡನ್ನೂ ಗೂಗಲ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ.

10. ಬಾಗಿಲು ತೆರೆಯುವ ಮೊದಲು

ಐದಾರು ಬರಹ ಆದ ಮೇಲೆ, ಬ್ಲಾಗ್ ಇನ್ನೂ ಮುಚ್ಚಿರುವಾಗಲೇ ಒಂದು ಪರೀಕ್ಷೆ ಮಾಡಿ. ನಿಮ್ಮನ್ನು ಅರ್ಧಂಬರ್ಧ ಬಲ್ಲ, ಬಾಯಿ ಬಿಗಿ ಇರುವ ಒಬ್ಬರನ್ನು ಹುಡುಕಿ. ಬರಹಗಳ ಪ್ರಿಂಟ್ ತೆಗೆದು ಬೇರೆಯವರ ಕೈಯಲ್ಲಿ ಕೊಡಿಸಿ. ಯಾರು ಬರೆದದ್ದು, ಮನೆ ಎಲ್ಲಿ, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಊಹಿಸಲು ಹೇಳಿ.

ನಾನು ಸಿಂಧನೂರಿನ ಗೆಳೆಯನೊಬ್ಬನಿಗೆ ಹೀಗೆ ಕೊಡಿಸಿದೆ. ಹೆಸರಿಲ್ಲ, ಫೋಟೊ ಇಲ್ಲ, ಓಣಿ ಇಲ್ಲ. ಗೆದ್ದೆ ಅಂದುಕೊಂಡಿದ್ದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಇದು ನಿಂದೇ ಅಲ್ಲೇನಲೇ?"

"ಹೆಂಗ ಗೊತ್ತಾತೋ?"

"ಮೂರು ಕಡೆ 'ಆತು ಬಿಡ್ರಿ, ಚಹಾ ಕುಡೀರಿ' ಅಂತ ಬರದೀಯಲ್ಲ. ಗಂಗಾವತಿಯಾಗ ಹಂಗ ಮಾತು ಮುಗಿಸಾಂವ ನೀನೊಬ್ಬನ ನೋಡು."

ಮೂರರಲ್ಲಿ ಎರಡು ಕಡೆ ತೆಗೆದೆ. ಒಂದು ಬಿಟ್ಟಿದ್ದೇನೆ, ಅದಿಲ್ಲದೆ ಆ ಬರಹ ನಿಲ್ಲುತ್ತಿರಲಿಲ್ಲ. ಮಾರನೇ ದಿನ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲರೂ ಓದಬಹುದು ಅಂತ ಬದಲಾಯಿಸಿದೆ.